ಮಾಸ್ಕ್ ಹಾಕಿಕೊಂಡ ಬೀಗತಿ

ಹೈದರಾಬಾದಿನ ನಾರಾಯಣಗೂಡದ ನಮ್ಮ ಕಾಲೇಜಿನ ಬಾಗಿಲಿಗೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದಾಗ ಎಲ್ಲರಿಗೂ ಸಿಟ್ಟು ಬಂತು. ತಡವಾಗಿ ಬರುವವರಿಗೆ ಇನ್ನು ತಡ ಮುಚ್ಚಿಡಲಾಗದಲ್ಲ ಎಂದು ಸಿಟ್ಟು, ಊಟದ ಹೊತ್ತಿಗೆ ಮೆಲ್ಲಗೆ ಜಾರಿಕೊಳ್ಳುವವರಿಗೆ ಆ ದಾರಿ ಬಂದಾಯಿತಲ್ಲ ಎಂದು ಸಿಟ್ಟು. ನನಗೆ ಈ ಎರಡು ಚಾಳಿಯೂ ಇರಲಿಲ್ಲ. ರಸಾಯನಶಾಸ್ತ್ರ ಹೇಳಿಕೊಡುವ ನಾನು ಮಿಯಾಪುರದಲ್ಲಿ ಮೆಟ್ರೋ ಹತ್ತಿ, ನಡುವೆ ಗಾಡಿ ಬದಲಿಸಿ, ಮೊದಲ ಪೀರಿಯಡ್ಡಿಗೆ ಸಾಕಷ್ಟು ಮುಂಚೆ ಬಂದು ಕೂರುವವಳು. ಆದರೂ ಎಲ್ಲರಿಗಿಂತ ಹೆಚ್ಚಿನ ಸಿಟ್ಟು ನನ್ನದೇ ಆಗಿತ್ತು. ಆ ಯಂತ್ರಕ್ಕೆ ಬೇಕಾಗಿದ್ದದ್ದು ನನ್ನ ಮುಖ, ಮತ್ತು ನಾನು ಅದನ್ನು ಕೆಲವು ವರ್ಷಗಳಿಂದ ಯಾರಿಗೂ ತೋರಿಸುತ್ತಿರಲಿಲ್ಲ.

ನನಗೆ ತೊನ್ನು ಇದೆ. ತೆಲುಗಿನವರು ಬೊಲ್ಲಿ ಅನ್ನುತ್ತಾರೆ, ಹಳೇ ಹೈದರಾಬಾದಿನವರು ಸಫೇದ್ ದಾಗ್ ಅನ್ನುತ್ತಾರೆ. ಯಾವ ಭಾಷೆಯಲ್ಲಿ ಹೇಳಿದರೂ ದನಿ ಇಳಿಸಿಯೇ ಹೇಳುತ್ತಾರೆ. ಮೊದಲು ಕೆಳದುಟಿಯ ಮೂಲೆಯಲ್ಲಿ ಒಂದು ಚುಕ್ಕಿ ಬಂತು. ಸುಣ್ಣ ಹತ್ತಿದೆ ಅಂದುಕೊಂಡು ಸೆರಗಿನಿಂದ ಒರೆಸಿದೆ. ನಾನು ಎಲೆ ಅಡಿಕೆ ಹಾಕುವವಳಲ್ಲ, ಸುಣ್ಣ ಎಲ್ಲಿಂದ ಬರಬೇಕು. ಆರು ತಿಂಗಳಲ್ಲಿ ಅದು ಬಾಯಿಯ ಸುತ್ತ ಹರಡಿತು. ಚರ್ಮದ ಡಾಕ್ಟರು ಅಂಟುವ ರೋಗವಲ್ಲ, ಜೀವಕ್ಕೆ ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿ ಮುಲಾಮು ಬರೆದುಕೊಟ್ಟರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅನ್ನುವವರ ಮುಖವೆಲ್ಲ ಒಂದೇ ಬಣ್ಣದ್ದಾಗಿರುತ್ತದೆ.

ಆಗ ಬದುಕಿದ್ದ ನನ್ನ ಅತ್ತೆ, ಒಳ್ಳೆಯ ಹೆಂಗಸೇ, ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ಹೇಳಿದ್ದರು: "ನಿನಗ ಏನೂ ಅನ್ನಂಗಿಲ್ಲವಾ. ಆದ್ರ ತಾಯಿಗಿದ್ರ ಮಗಳಿಗೆ ಬರತೈತಿ ಅಂತಾರ ಮಂದಿ. ಹುಡುಗಿ ಲಗ್ನ ಆಗೂತನಾ ಹ್ಯಾಂಗರ ಮಾಡಿ ಮುಚ್ಚಿಕೊಂಡಿರು." ನಮಗೆ ಒಬ್ಬಳೇ ಮಗಳು. ಅವಳಾಗ ಹೈಸ್ಕೂಲಿನಲ್ಲಿದ್ದಳು. ಬಣ್ಣದ ಕ್ರೀಮು ಹಚ್ಚಿ ನೋಡಿದೆ. ಹೈದರಾಬಾದಿನ ಬಿಸಿಲಿಗೆ ಅದು ಮೂರನೆಯ ಪೀರಿಯಡ್ಡಿಗೆಲ್ಲ ಕರಗಿ ಗದ್ದದ ಮೇಲೆ ಇಳಿಯುತ್ತಿತ್ತು.

ಅಷ್ಟರಲ್ಲಿ ಕೊರೊನಾ ಬಂತು. ಊರೆಲ್ಲ ಹೆದರಿ ಮೂಗು ಬಾಯಿ ಮುಚ್ಚಿಕೊಂಡಾಗ ನಾನೊಬ್ಬಳು ಒಳಗೊಳಗೇ ನಿಟ್ಟುಸಿರು ಬಿಟ್ಟೆ. ಹೇಳಬಾರದ ಮಾತು, ಆದರೆ ನಿಜ. ರಸ್ತೆಯಲ್ಲಿ ಮಾಸ್ಕ್ ಇಲ್ಲದವರನ್ನು ನಿಲ್ಲಿಸಿ ದಂಡ ಹಾಕುತ್ತಿದ್ದ ಆ ಕಾಲದಲ್ಲಿ ನಾನು ತಲೆ ಎತ್ತಿಕೊಂಡು ಓಡಾಡಿದೆ. ಎಲ್ಲರೂ ಮಾಸ್ಕ್ ತೆಗೆದು ಎಸೆದ ಮೇಲೂ ನಾನು ತೆಗೆಯಲಿಲ್ಲ. ಧೂಳು ಆಗುವುದಿಲ್ಲ ಅಂದೆ. ಈ ಊರಿನಲ್ಲಿ ಧೂಳಿಗೆ ಬರವಿಲ್ಲ, ಎಲ್ಲರೂ ನಂಬಿದರು. ಆಮೇಲೆ ಬಲಗಣ್ಣಿನ ಸುತ್ತ ಬಿಳುಪು ಶುರುವಾದಾಗ ಕಪ್ಪು ಕನ್ನಡಕ ಕೊಂಡೆ, ಬೆಳಕು ಚುಚ್ಚುತ್ತದೆ ಅಂದೆ. ಅದನ್ನೂ ನಂಬಿದರು. ಕಾಲೇಜಿನ ಹುಡುಗಿಯರು ನನ್ನ ಬೆನ್ನ ಹಿಂದೆ "ಹೀರೋಯಿನ್ ಮೇಡಂ" ಅನ್ನುತ್ತಿದ್ದರು. ಹೀರೋಯಿನ್ನುಗಳೂ ಹೀಗೆಯೇ ಮುಚ್ಚಿಕೊಂಡು ಓಡಾಡುತ್ತಾರಲ್ಲ, ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ಯಂತ್ರ ಬಂದದ್ದು ಆಮೇಲೆ. ಅದನ್ನು ಕೂರಿಸಲು ಬಂದವನು ನನ್ನನ್ನು ಅದರ ಮುಂದೆ ನಿಲ್ಲಿಸಿ ತೆಲುಗಿನಲ್ಲಿ ಸಮಾಧಾನ ಹೇಳಿದ: "ಮಾಸ್ಕ್ ಪರವಾಲೇದು ಮೇಡಂ, ಕಳ್ಳಜೋಡು ಮಾತ್ರಂ ತೀಯಂಡಿ." ಮಾಸ್ಕ್ ಇರಲಿ, ಕನ್ನಡಕ ಮಾತ್ರ ತೆಗೆಯಿರಿ ಎಂದು. ಹುಬ್ಬು, ಎರಡು ಕಣ್ಣುಗಳ ನಡುವಿನ ಅಂತರ, ಮೂಗು ಶುರುವಾಗುವ ಎಲುಬು ಇಷ್ಟಿದ್ದರೆ ಅದಕ್ಕೆ ಸಾಕಂತೆ. ಕೊರೊನಾ ಆದಮೇಲೆ ಬಂದ ಯಂತ್ರಗಳೆಲ್ಲ ಹಾಗೇ, ಅರ್ಧ ಮುಖದಲ್ಲೇ ಮನುಷ್ಯನನ್ನು ಗುರುತು ಹಿಡಿಯುತ್ತವೆ ಅಂದ. ಕಪ್ಪು ಗಾಜು ಮಾತ್ರ ನಡೆಯುವುದಿಲ್ಲ. ನನ್ನ ಎರಡು ಬೇಲಿಗಳಲ್ಲಿ ಒಂದನ್ನು ಬಿಟ್ಟುಕೊಟ್ಟು ಒಂದನ್ನು ಉಳಿಸಿಕೊಂಡ ಹಾಗಾಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಆ ಪುಟ್ಟ ಪರದೆಯ ಮುಂದೆ ಕನ್ನಡಕ ತೆಗೆದು ನಿಲ್ಲಬೇಕಾಯಿತು. ಹಿಂದೆ ಸಾಲು ಇರುತ್ತಿತ್ತು. ಸಾಲು ತಪ್ಪಿಸಲು ಇನ್ನೂ ಬೇಗ ಹೊರಡತೊಡಗಿದೆ. ಒಂದು ದಿನ ಮೆಟ್ರೋ ನಿಂತು ತಡವಾಗಿ ಸಾಲಿನಲ್ಲೇ ನಿಲ್ಲಬೇಕಾಗಿ ಬಂತು. ಪಕ್ಕದಲ್ಲಿದ್ದ ಭೌತಶಾಸ್ತ್ರದ ಮೇಡಂ ನನ್ನ ಕಣ್ಣು ನೋಡಿದರು. ಮರುದಿನ ನನ್ನ ಫೋನಿಗೆ ಒಬ್ಬ ನಾಟಿ ವೈದ್ಯನ ನಂಬರು ಕಳಿಸಿದರು. ಕೆಳಗೆ ಕೈಮುಗಿಯುವ ಚಿತ್ರ. ನಾನು ಆ ಸಂದೇಶವನ್ನು ಅಳಿಸಿದೆ, ಆಮೇಲೆ ಇಡೀ ದಿನ ಅವರ ಮೇಲೆ ಸಿಟ್ಟಿನಲ್ಲಿದ್ದೆ. ಆ ಸಿಟ್ಟಿಗೆ ಅರ್ಥವಿಲ್ಲ ಎಂದು ಗೊತ್ತಿದ್ದೂ ಹೋಗಲಿಲ್ಲ.

ಮಗಳು ಅಷ್ಟೊತ್ತಿಗೆ ಓದು ಮುಗಿಸಿ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಬಿದ್ದು ಎದ್ದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. ನಮ್ಮ ಮನೆಯವರು ಕಲಬುರಗಿ ಕಡೆಯವರು, ಅವರ ಅಜ್ಜನ ಕಾಲದಿಂದ ಇಲ್ಲಿ ಸರಕಾರಿ ನೌಕರಿ. ಬೀದಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಆದರೆ ಬೀಗತನ ಮಾತ್ರ ಕನ್ನಡದವರಲ್ಲೇ ಆಗಬೇಕು. ಸಂಬಂಧಿಕರೊಬ್ಬರ ಕಡೆಯಿಂದ ಊರಿನ ಇನ್ನೊಂದು ತುದಿಯ ಉಪ್ಪಲ್ಲಿನ ಒಂದು ಮನೆಯ ಮಾತು ಬಂತು. ಅವರೂ ಆ ಕಡೆಯವರೇ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿ, ಒಬ್ಬ ಮಗ, ಅವನ ಕೆಳಗೆ ಒಬ್ಬಳು ಮಗಳು.

ಅವರು ಹುಡುಗಿ ನೋಡಲು ನಮ್ಮ ಮನೆಗೆ ಬಂದ ದಿನ ನನಗೆ ನೆಗಡಿ. ನೆಗಡಿ ಅಂತ ನಾನೇ ಗೊತ್ತು ಮಾಡಿದ್ದು. ಮಾಸ್ಕ್, ಕಪ್ಪು ಕನ್ನಡಕ ಹಾಕಿಕೊಂಡೇ ಅವಲಕ್ಕಿ, ಚಹಾ ಕೊಟ್ಟೆ. ನೀಡುವವಳು ತಿನ್ನದಿದ್ದರೆ ಯಾರೂ ಕೇಳುವುದಿಲ್ಲ. ಹೊರಡುವಾಗ ಹುಡುಗನ ತಾಯಿಗೆ ಕುಂಕುಮ ಹಚ್ಚಿ ಉಡಿ ತುಂಬಿದೆ. ಎತ್ತರದ, ಗಟ್ಟಿ ದನಿಯ ಹೆಂಗಸು. "ಅಕ್ಕಾರ, ನೆಗಡಿ ಕಡಿಮಿ ಮಾಡ್ಕೊಂಡು ನಮ್ಮನಿಗೆ ಬರ್ರಿ ಮತ್ತ," ಅಂದು ಹೋದರು. ಹುಡುಗ, ಹುಡುಗಿ ಒಪ್ಪಿಕೊಂಡರು. ಫೋನಿನಲ್ಲಿ ಮಾತಾಡುವುದೂ ಶುರುವಾಯಿತು. ಮಗಳು ಬಾಲ್ಕನಿಯಲ್ಲಿ ನಿಂತು ನಗುತ್ತಾ ಮಾತಾಡುವುದನ್ನು ಒಳಗಿನಿಂದ ನೋಡಿ, ಇದು ನನ್ನಿಂದ ಮುರಿಯಬಾರದು ಎಂದು ನಾನು ದೇವರಲ್ಲಿ ಕೇಳಿಕೊಂಡಿದ್ದೇನೆ.

ಮುಂದಿನದು ಹುಡುಗನ ಮನೆ ನೋಡುವ ಶಾಸ್ತ್ರ. ನಾವು ಉಪ್ಪಲ್ಲಿಗೆ ಹೋಗಬೇಕು, ಅವರ ಕೈಯಲ್ಲಿ ತಿನ್ನಬೇಕು. ತಿನ್ನಲು ಮಾಸ್ಕ್ ತೆಗೆಯಬೇಕು. ಇದಕ್ಕೆ ನಾನು ಒಂದು ಉಪಾಯ ಹುಡುಕಿದೆ, ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಕ್ಯಾಲೆಂಡರು ನೋಡಿ ಸಂಕಷ್ಟಿಯ ದಿನ ಗೊತ್ತು ಮಾಡಿಸಿದೆ. ಸಂಕಷ್ಟಿಗೆ ಚಂದ್ರ ಕಾಣುವವರೆಗೆ ಉಪವಾಸ. ಉಪವಾಸದವಳ ಬಾಯಿಗೆ ಯಾರು ತುರುಕುತ್ತಾರೆ? ಚಂದ್ರ ಬರುವುದರೊಳಗೆ ಮಿಯಾಪುರಕ್ಕೆ ವಾಪಸು ಬಂದರಾಯಿತು.

ಗಂಡ, ಮಗಳು, ನಾನು ಮೂವರೂ ಮೆಟ್ರೋದಲ್ಲಿ ಹೋದೆವು. ಅವರ ಮನೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು, ಅಚ್ಚುಕಟ್ಟಾಗಿತ್ತು. ಹುಡುಗನ ತಂಗಿ ತಟ್ಟೆಗಳನ್ನು ತಂದಿಟ್ಟಳು. ನಾನು ಸಂಕಷ್ಟಿ ಅಂದೆ.

"ಸಂಕಷ್ಟಿಗೆ ಚಹಾ ನಡೀತೈತಲ್ರಿ ಅಕ್ಕಾರ," ಹುಡುಗನ ತಾಯಿ ಬಿಡಲಿಲ್ಲ.

"ನನಗ ನಡಿಯಂಗಿಲ್ರಿ. ನೀರೂ ಕುಡಿಯಂಗಿಲ್ಲ ನಾನು."

"ಭಾಳ ಕಟ್ಟುನಿಟ್ಟ ಬಿಡ್ರಿ ನಿಮ್ಮದು." ಅವರ ದನಿಯಲ್ಲಿ ಮೆಚ್ಚುಗೆ ಇತ್ತು. ನನ್ನ ಗಂಡ ಗೋಡೆಯ ಕಡೆ ನೋಡುತ್ತಿದ್ದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ನಾನು ಹೇಳುವಾಗ ಪಕ್ಕದಲ್ಲಿ ಕೂತು ಕೆಡಿಸಲು ಮಾತ್ರ ಬರುತ್ತದೆ. ನನ್ನ ಕನ್ನಡಕವೂ ಕಣ್ಣಿನ ಮೇಲೇ ಇತ್ತು. ಡಾಕ್ಟರು ತೆಗೆಯಬೇಡ ಅಂದಿದ್ದಾರೆ ಎಂದಿದ್ದೆ.

ಹೊರಡಲು ಎದ್ದೆವು. ಆಗ ಹುಡುಗನ ತಾಯಿ ಒಳಗೆ ಹೋಗಿ ಹರಿವಾಣ ಹಿಡಿದು ಬಂದರು. ಅರಿಷಿಣ, ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ತಿನ್ನುವುದನ್ನೆಲ್ಲ ತಪ್ಪಿಸಿದವಳಿಗೆ ಇದೊಂದು ನೆನಪೇ ಆಗಿರಲಿಲ್ಲ. ಮುತ್ತೈದೆಯನ್ನು ಅರಿಷಿಣ ಕುಂಕುಮ ಕೊಡದೆ ಕಳಿಸುವ ಮನೆ ನಮ್ಮಲ್ಲಿ ಉಂಟೇ? ಅವರ ಉಡಿ ತುಂಬಿ ಕಳಿಸಿದ್ದು ನಾನೇ ಅಲ್ಲವೇ? ಜನ್ಮವಿಡೀ ಮಾಡಿದ್ದು, ಮಾಡಿಸಿಕೊಂಡದ್ದು. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅದಕ್ಕೂ ಮುಖ ಬೇಕು ಎಂಬುದು ನನಗೆ ಹೊಳೆದಿರಲಿಲ್ಲ.

ಹಣೆಗಷ್ಟೇ ಹಚ್ಚಿ ಬಿಡುತ್ತಾರೇನೋ ಎಂದು ತಲೆ ಬಗ್ಗಿಸಿ ನಿಂತೆ. ಅವರು ಅರಿಷಿಣವನ್ನು ಎರಡು ಬೆರಳಿಗೆ ತೆಗೆದುಕೊಂಡು ಗಲ್ಲದ ಹತ್ತಿರ ತಂದರು. ಬೆರಳು ಮಾಸ್ಕಿನ ಮುಂದೆ ನಿಂತಿತು.

"ಒಂದ ನಿಮಿಷ ಇದನ್ನ ತಗೀರಲ್ಲ ಅಕ್ಕಾರ. ಗಲ್ಲಕ್ಕ ಹಚ್ಚಬೇಕು."

ಅರಿಷಿಣಕ್ಕೆ ಬೇಡ ಅನ್ನಲು ಯಾವ ಮುತ್ತೈದೆಗೂ ಬಾಯಿ ಬರುವುದಿಲ್ಲ, ನನಗೂ ಬರಲಿಲ್ಲ. ಮಾಸ್ಕಿನ ದಾರ ಕಿವಿಯಿಂದ ಬಿಡಿಸಿದೆ. ಇನ್ನು ಉಳಿದದ್ದೇನು ಎಂದು ಕನ್ನಡಕವನ್ನೂ ತೆಗೆದೆ. ಹಾಲು ಕುಡಿದ ಮಗು ಬಾಯಿ ಒರೆಸಿಕೊಳ್ಳದೆ ಬಂದ ಹಾಗೆ ನನ್ನ ಬಾಯಿಯ ಸುತ್ತ ಗದ್ದದವರೆಗೆ ಬಿಳುಪು. ಬಲಗಣ್ಣಿನ ಸುತ್ತ ಬಿಳುಪು. ಹುಡುಗನ ತಂಗಿ ಬಾಗಿಲಲ್ಲಿ ನಿಂತವಳು ಸರಕ್ಕನೆ ತಾಯಿಯ ಮುಖ ನೋಡಿದಳು.

ಆ ಹೆಂಗಸಿನ ಬೆರಳು ಗಾಳಿಯಲ್ಲೇ ಇತ್ತು.

"ಯಾವಾಗಿಂದ್ರಿ?" ಗಟ್ಟಿ ದನಿ ಈಗ ಇಳಿದಿತ್ತು.

"ಏಳೆಂಟು ವರ್ಷ ಆತ್ರಿ."

"ಹುಡುಗಿಗೆ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ನನಗಿಲ್ರಿ. ಮುಂದ ಬಂದ್ರ ಬರಬಹುದು, ಬರದನೂ ಇರಬಹುದು. ಅಂಟು ರೋಗ ಅಲ್ಲ. ಇವರಿಗೆ ಮೊದಲ ಎಲ್ಲಾ ಹೇಳೀನಿ." ಇವರಿಗೆ ಅಂದದ್ದು ಹುಡುಗನಿಗೆ. ಅವನು ಕೂತಲ್ಲಿಂದ ಎದ್ದು ನಿಂತು, "ಹೌದವ್ವಾ, ನನಗ ಗೊತ್ತೈತಿ," ಅಂದ. ಫೋನಿನ ಮೊದಲ ವಾರದಲ್ಲೇ ಅವಳು ಅವನಿಗೆ ಹೇಳಿದ್ದಳಂತೆ. ನನಗೆ ಹೇಳಿರಲಿಲ್ಲ. ಅವರಿಬ್ಬರಿಗೂ ಗೊತ್ತಿರುವುದನ್ನು ಮುಚ್ಚಲು ನಾನು ಪಂಚಾಂಗ ಹುಡುಕಿದ್ದೆ.

ಹುಡುಗನ ತಾಯಿ ಒಂದು ದೊಡ್ಡ ಉಸಿರು ತೆಗೆದುಕೊಂಡರು. ಆಮೇಲೆ ಎರಡೂ ಗಲ್ಲಕ್ಕೆ ದಟ್ಟವಾಗಿ ಅರಿಷಿಣ ಬಳಿದರು, ಬಾಯಿಯ ಹತ್ತಿರದ ಬಿಳುಪಿನ ಮೇಲೂ ಬೆರಳು ಹೋಯಿತು. ಕುಂಕುಮ ಇಟ್ಟು, ಉಡಿ ತುಂಬಿ, ಬಗ್ಗಿ ನಮಸ್ಕಾರ ಮಾಡಿದರು. ನನಗೆ ಅಳು ಬಂತು. ಆ ಹೆಂಗಸಿನ ಮೇಲೆ ನನಗೆ ಆ ಹೊತ್ತಿಗೆ ಬಂದ ಪ್ರೀತಿ ಸುಳ್ಳಲ್ಲ, ಮುಂದೆ ಏನಾದರೂ ಆಗಲಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ಮಾಸ್ಕ್ ಚೀಲದಲ್ಲೇ ಇತ್ತು. ಎದುರಿನ ಸೀಟಿನವರು ನೋಡಿದರು. ಅರಿಷಿಣ ಮೆತ್ತಿದ ಮುಖವನ್ನು ನೋಡಿದರೋ, ಬಿಳುಪನ್ನು ನೋಡಿದರೋ, ಎರಡನ್ನೂ ನೋಡಿದರೋ. ನೋಡಿಕೊಳ್ಳಲಿ ಅನ್ನಿಸಿತು. ಅಮೀರಪೇಟೆಯಲ್ಲಿ ಗಾಡಿ ಬದಲಿಸುವಾಗ ಮಗಳು ನನ್ನ ತೋಳು ಹಿಡಿದುಕೊಂಡಳು. ಏಸಿಯ ತಣ್ಣನೆ ಗಾಳಿ ತುಟಿಗೆ ತಾಗುತ್ತಿತ್ತು, ಮನೆಯ ಹೊರಗೆ ಗಾಳಿ ತುಟಿಗೆ ಹಾಗೆ ತಾಗಿ ಬಹಳ ದಿನವಾಗಿತ್ತು. ಮನೆಗೆ ಬಂದು ಚಂದ್ರನನ್ನು ನೋಡಿಯೇ ಊಟ ಮಾಡಿದೆ. ಆ ದಿನದ ಉಪವಾಸ ನಾಟಕಕ್ಕೆ ಶುರುವಾಗಿ ನಿಜವಾಗಿ ಮುಗಿಯಿತು.

ಮರುದಿನ ಮಾಸ್ಕ್ ಇಲ್ಲದೆ ಕಾಲೇಜಿಗೆ ಹೋದೆ. ಯಂತ್ರ ನನ್ನನ್ನು ಒಳಗೆ ಬಿಡಲಿಲ್ಲ. ಮತ್ತೆ ನಿಂತೆ, ಮತ್ತೆ ಕೆಂಪು ದೀಪ. ಇಷ್ಟು ದಿನ ಅದು ನೋಡಿದ್ದು ಮಾಸ್ಕಿನವಳನ್ನು, ಈಗ ಬಂದವಳು ಯಾರೋ ಎಂದು ಅದಕ್ಕೆ ಅನುಮಾನ. ಹಿಂದೆ ಸಾಲು ಬೆಳೆಯುತ್ತಿತ್ತು, ನನಗೆ ನಗು ಬಂತು. ಕ್ಲರ್ಕ್ ಬಂದು ನನ್ನ ಹಳೆಯ ಚಿತ್ರ ತೆಗೆದುಹಾಕಿ ಹೊಸದಾಗಿ ನಿಲ್ಲಿಸಿದ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನೇರ ನೋಡಿ. ತರಗತಿಗೆ ಹೋದಾಗ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಮುಂದಿನ ಬೆಂಚಿನವಳು ಎದ್ದು ನಿಂತು, "ಮೇಡಂ, ಮೀರೇನಾ?" ಅಂದಳು. ನೀವೇನಾ ಎಂದು. ನಾನೇ ಅಂದೆ, ಪುಸ್ತಕ ತೆಗೆಯಿರಿ ಅಂದೆ. ಬೋರ್ಡಿನ ಮೇಲೆ ಸಮೀಕರಣ ಬರೆಯತೊಡಗಿದೆ, ಪೀರಿಯಡ್ಡು ಮುಗಿಯಿತು.

ಆ ವಾರವೆಲ್ಲ ನಾನು ಹಾಗೇ ಓಡಾಡಿದೆ. ತರಕಾರಿಯವನು ನೋಡಿದ, ಲಿಫ್ಟಿನಲ್ಲಿ ಪಕ್ಕದ ಮನೆಯವರು ನೋಡಿ ಬೇರೆ ಕಡೆ ತಿರುಗಿದರು. ಭೌತಶಾಸ್ತ್ರದ ಮೇಡಂ ಬಂದು ಪಕ್ಕದಲ್ಲಿ ಕೂತು ಊಟದ ಡಬ್ಬಿ ತೆಗೆದರು, ತಮ್ಮ ಪುಳಿಹೊರೆ ನನ್ನ ತಟ್ಟೆಗೆ ಹಾಕಿದರು. ಅವರ ಮೇಲಿನ ಸಿಟ್ಟು ಅಂದು ಹೋಯಿತು.

ಅದೇ ವಾರದ ಕೊನೆಗೆ ಉಪ್ಪಲ್ಲಿನಿಂದ ಫೋನು ಬಂತು. ಒಪ್ಪಿಗೆ ಅಂದರು. ದಿನ ನೋಡೋಣ ಅಂದರು. ನನ್ನ ಗಂಡ ದೇವರ ಮುಂದೆ ಸಕ್ಕರೆ ಇಡಲು ಎದ್ದರು. ಆಮೇಲೆ ಹುಡುಗನ ತಾಯಿ ನನಗೇ ಫೋನು ಕೊಡಿ ಅಂದರು.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಮಗೇನಿಲ್ಲ. ದೇವರಾಣಿ ನನಗೇನಿಲ್ಲ. ಆದ್ರ ಲಗ್ನಕ್ಕ ನಮ್ಮ ಮಂದಿ ಭಾಳ ಬರ್ತಾರ. ನಮ್ಮ ಹುಡುಗೀದೂ ಇನ್ನ ಆಗೂದೈತಿ. ಅವರ ಬೀಗರ ಮನ್ಯಾಗ ಹಿಂಗೈತಿ ಅಂತ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋದ್ರ... ಲಗ್ನದ ದಿನ ಒಂದ ಮಾಸ್ಕ, ಆ ಕನ್ನಡಕ ಇರಲಿ ಅಂತೀನ್ರಿ. ನೀವೂ ಹೆಣ್ಣ ಹಡದವರು, ನಿಮಗ ಗೊತ್ತಾಗತೈತಿ."

ನನಗೆ ಗೊತ್ತಾಗುತ್ತಿತ್ತು, ಅದೇ ನನ್ನ ಸಂಕಟ. ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅತ್ತೆ ಹೇಳಿದ ಮಾತನ್ನೇ ಈಕೆ ಹೇಳುತ್ತಿದ್ದರು. ಇಷ್ಟು ವರ್ಷ ನಾನೂ ಅದನ್ನೇ ನನಗೆ ಹೇಳಿಕೊಂಡಿದ್ದೆ. ಬೈಯಲು ಒಂದು ಎಳೆಯೂ ಸಿಗಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದು ಫೋನಿಟ್ಟೆ.

ಮಗಳಿಗೆ ಹೇಳಿದೆ. ಅವಳು ಉರಿದು ಬೀಳುತ್ತಾಳೆ, ಇಂಥ ಮನೆ ನನಗೆ ಬೇಡ ಅನ್ನುತ್ತಾಳೆ, ನಾನು ಅವಳನ್ನು ಸಮಾಧಾನ ಮಾಡಿ ಒಪ್ಪಿಸಬೇಕಾಗುತ್ತದೆ ಎಂದು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವಳು ಉರಿದು ಬೀಳಲಿ ಎಂದು ಕಾಯುತ್ತಿದ್ದೆ. ಅವಳು ಮಂಚದ ಮೇಲೆ ಕೂತು ಉಗುರು ನೋಡಿಕೊಂಡಳು.

"ಒಂದ ದಿನದ್ದಲ್ಲೇನವ್ವಾ?" ಅಂದಳು. "ಹ್ಯಾಂಗೂ ಇಷ್ಟ ವರ್ಷ ನೀನ ಹಾಕ್ಕೊಂಡಿ."

ಅವಳ ದನಿಯಲ್ಲಿ ಕೆಟ್ಟತನ ಇರಲಿಲ್ಲ. ದಣಿವಿತ್ತು, ಆಸೆಯಿತ್ತು. ನಾನು "ಆತು" ಅಂದೆ. ಅಷ್ಟು ಸಲೀಸಾಗಿ ಅಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ನಾನಾಗಿ ಮುಚ್ಚಿಕೊಂಡದ್ದಕ್ಕೂ ಮುಚ್ಚಿಕೋ ಅನ್ನಿಸಿಕೊಳ್ಳುವುದಕ್ಕೂ ಎಷ್ಟು ಅಂತರವಿದೆ ಎಂಬುದು ಅಂದು ಗೊತ್ತಾಯಿತು.

ಮದುವೆಗೆ ನನ್ನ ಗಂಡ ನನಗೆ ಹಸಿರು ರೇಷ್ಮೆ ಸೀರೆ ತಂದರು. ಕುಪ್ಪಸ ಹೊಲಿಸಲು ಹೋದ ಮಗಳು ಉಳಿದ ತುಂಡಿನಲ್ಲಿ, ಜರಿಯ ಅಂಚು ಬರುವ ಹಾಗೆ, ಒಂದು ಮಾಸ್ಕನ್ನೂ ಹೊಲಿಸಿಕೊಂಡು ಬಂದಳು. ಸೀರೆಗೆ ಒಪ್ಪುವ ಹಾಗಿರಲಿ ಎಂದು. ಪ್ರೀತಿಯಿಂದಲೇ ಮಾಡಿದ್ದಳು. ಅದನ್ನು ಕೈಯಲ್ಲಿ ಹಿಡಿದು "ಚಂದೈತಿ" ಅಂದೆ. ಚಂದವೇ ಇತ್ತು.

ಮದುವೆಯ ದಿನ ಕಲ್ಯಾಣ ಮಂಟಪದಲ್ಲಿ ಮುಖ ಮುಚ್ಚಿಕೊಂಡಿದ್ದವಳು ನಾನೊಬ್ಬಳೇ. ಬಂದವರು "ಆರಾಮಿಲ್ಲೇನ್ರಿ?" ಅನ್ನುತ್ತಿದ್ದರು. ನಾನು ಉತ್ತರ ಕೊಡುವ ಮೊದಲೇ ಬೀಗತಿ ಎಲ್ಲಿಂದಲೋ ಬಂದು, "ಬೀಗರಿಗೆ ಹೋಮದ ಹೊಗಿ ಆಗಂಗಿಲ್ರಿ," ಅನ್ನುತ್ತಿದ್ದರು. ಪಾಪ, ತಮ್ಮ ಮಗನ ಮದುವೆಯನ್ನು ಬಿಟ್ಟು ನನ್ನನ್ನೇ ಕಾಯುತ್ತಿದ್ದರು. ಹೆಂಗಸರಿಗೆ ಅರಿಷಿಣ ಕುಂಕುಮ ಕೊಡುವಾಗ ನನ್ನ ಸರದಿ ಬಂದಾಗ ಅವರೇ ಹರಿವಾಣ ಹಿಡಿದು ಬಂದು, ಗಲ್ಲ ಬಿಟ್ಟು, ನನ್ನ ಅಂಗೈಗೆ ಅರಿಷಿಣ ಹಚ್ಚಿ ಮುಂದೆ ಹೋದರು. ನಾನು ಅಂಗೈ ಮುಚ್ಚಿಕೊಂಡು ನಿಂತೆ.

ಮಗಳನ್ನು ಒಪ್ಪಿಸುವ ಹೊತ್ತು ಬಂತು. ನಾನು ಅತ್ತುಬಿಟ್ಟೆ. ಮಾಸ್ಕಿನೊಳಗೆ ಅತ್ತರೆ ಉಸಿರೆಲ್ಲ ಮೇಲಕ್ಕೆ ಹೋಗಿ ಕನ್ನಡಕಕ್ಕೆ ಕಟ್ಟುತ್ತದೆ. ಅವಳ ಕೈಯನ್ನು ಬೀಗತಿಯ ಕೈಯಲ್ಲಿ ಇಡುವಾಗ ಗಾಜಿನ ಮೇಲೆ ಮಂಜು ಬಿಟ್ಟು ಬೇರೇನೂ ಇರಲಿಲ್ಲ. ಒರೆಸಬೇಕೆಂದರೆ ಕನ್ನಡಕ ತೆಗೆಯಬೇಕು, ಸುತ್ತ ಅವರ ಕಡೆಯ ಮಂದಿ. ಕೈ ಅವಳದೇ ಎಂದು ಬಳೆಗಳಿಂದ ಗೊತ್ತಾಯಿತು. ಅವಳ ಮುಖ ಆಗ ಹೇಗಿತ್ತೋ ನಾನು ನೋಡಲಿಲ್ಲ.

ಕೆಲವು ದಿನಗಳ ಮೇಲೆ ಫೋಟೋದವನು ಒಂದು ಲಿಂಕ್ ಕಳಿಸಿದ. ಈಗಿನ ಪದ್ಧತಿ ಅದು. ಸಾವಿರಾರು ಫೋಟೋಗಳಲ್ಲಿ ಯಾರೂ ಹುಡುಕುತ್ತಾ ಕೂರಬೇಕಾಗಿಲ್ಲ, ನಮ್ಮದೊಂದು ಮುಖ ಹಾಕಿದರೆ ಆ ಮುಖ ಎಲ್ಲೆಲ್ಲಿದೆಯೋ ಅವೆಲ್ಲ ತಾವೇ ಬಂದು ಸಾಲಾಗಿ ನಿಲ್ಲುತ್ತವೆ. ನನ್ನ ಗಂಡ ತಮ್ಮ ಮುಖ ಹಾಕಿ ಮಗುವಿನ ಹಾಗೆ ಖುಷಿಪಟ್ಟರು. ನಾನು ಹಾಕಲಿಲ್ಲ. ಅಡುಗೆ ಇತ್ತು.

ಆ ಸಂಜೆ ಮಗಳ ಫೋನು ಬಂತು. ಅತ್ತೆಮನೆಯ ಸುದ್ದಿ ಎಲ್ಲ ಹೇಳಿದಳು, ಎಲ್ಲ ಚೆನ್ನಾಗಿತ್ತು. ಅತ್ತೆ ಒಳ್ಳೆಯವರು, ಗಂಡ ಒಳ್ಳೆಯವನು.

"ಅವ್ವಾ, ನಿನ್ನ ಫೋಟೋ ಹುಡುಕಾಕತ್ತೀನಿ ಮುಂಜಾನಿಂದ," ಅಂದಳು. "ನನ್ನ ಫೋನಿನ್ಯಾಗ ನಿಂದೊಂದು ಮಾರಿ ಐತಲ್ಲ, ಅವತ್ತ ಮೆಟ್ರೋದಾಗ ತಗದದ್ದು, ಅರಿಷಿಣ ಹಚ್ಕೊಂಡದ್ದು. ಅದನ್ನ ಹಾಕಿದೆ. ಒಂದೂ ಬರವಲ್ದು."

ಕಾಲೇಜಿನ ಯಂತ್ರದಂಥದ್ದಲ್ಲ ಇದು, ಮಾಸ್ಕು, ಕಪ್ಪು ಗಾಜು ಎರಡೂ ಇದ್ದರೆ ಇದಕ್ಕೆ ಅಲ್ಲಿ ಮನುಷ್ಯರಿದ್ದಾರೆಂದೇ ಗೊತ್ತಾಗುವುದಿಲ್ಲ ಎಂದು ನಾನು ವಿವರಿಸಲು ಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ.

"ನನ್ನ ಲಗ್ನದಾಗ ನೀ ಇಲ್ಲಂತ ತೋರಸಾಕತ್ತೈತಿ ಅವ್ವಾ." ಅಂದಳು. "ನಾನ ಅಲ್ಲೇನ ಹೇಳಿದ್ದು, ಒಂದ ದಿನದ್ದು ಅಂತ?"

ಅವಳು ಅಳತೊಡಗಿದಳು. ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ, ಬಿಕ್ಕಿ ಬಿಕ್ಕಿ. ಇರಲಿ ಬಿಡವಾ, ಒಂದು ಫೋಟೋದಾಗ ಏನೈತಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅವಳು ಹುಟ್ಟಿದಾಗಿನಿಂದ ಅವಳ ಎಲ್ಲ ಅಳುವಿಗೂ ನಾನು ಹೇಳಿಕೊಂಡು ಬಂದ ಮಾತು ಅದು. ಅಂದು ಹೇಳಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಅವಳು ಅತ್ತು ಮುಗಿಸುವವರೆಗೆ ಸುಮ್ಮನೆ ಕೇಳುತ್ತಾ ನಿಂತಿದ್ದೆ.